ಕಾಲ್ಚೆಂಡಾಟದ ಗುರು ರಹೀಮ್ ಸಾಹೇಬರು

ವಿದ್ಯೆಯನ್ನು ಕಲಿಸುವವನು ಗುರು. ಆದರೆ ವಿದ್ಯೆ ಎಂದೊಡನೆ ನಮ್ಮ ಮನಸ್ಸು ಹಲಗೆ, ಬಳಪ, ಪುಸ್ತಕಗಳ ಕಡೆಗೇ ಹರಿಯುತ್ತದೆ. ಶಾಲೆಯ ಅಂಗಳದಲ್ಲಿ ಚೆಂಡನ್ನು ಹಿಡಿದು ನಿಂತ ಮೇಷ್ಟರನ್ನು ಗುರುಗಳ ಸಾಲಿಗೆ ಸೇರಿಸಲು ನಾವು ಹಿಂಜರಿಯುತ್ತೇವೆ. ಪರೀಕ್ಷೆ ಸಮೀಪಿಸಿದಾಗ ಮೊದಲು ರದ್ದಾಗುವುದು ಆಟದ ಪಾಠವೇ. ಈ ತಪ್ಪನ್ನು ಉಪಾಧ್ಯಾಯರಾದ ನಾವೂ ಮಾಡಿದ್ದೇವೆ, ತಂದೆತಾಯಿಗಳಾದ ತಾವೂ ಮಾಡಿದ್ದೀರಿ. ಆದುದರಿಂದ ಸಂಘದ ಈ ವಾರ್ಷಿಕ ಸಂಚಿಕೆಗೆ, ಶಾಲಾ ಮೇಷ್ಟರೊಬ್ಬರು ಭಾರತದ ಕಾಲ್ಚೆಂಡಾಟವನ್ನು ಏಷ್ಯಾ ಖಂಡದ ಶಿಖರಕ್ಕೆ ಏರಿಸಿದ ಕಥೆಯನ್ನು ಬರೆಯಬೇಕೆಂದು ನಮಗೆ ಅನಿಸಿತು. ಅವರೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್.

ರಹೀಮರು ನಮಗೆ ತೀರ ಹೊರಗಿನವರಲ್ಲ. ನಾರಾಯಣಪೇಟೆ, ಮಕ್ತಲ್, ತಾಂಡೂರು, ಜಹೀರಾಬಾದುಗಳ ಕನ್ನಡ ಮನೆತನಗಳಿಗೂ, ಬೀದರ, ಕಲಬುರಗಿ, ರಾಯಚೂರಿನ ನಮ್ಮ ಬಂಧುಗಳಿಗೂ 1956ರ ವರೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಕಚೇರಿಯ ಕಾಗದವೂ ಅಲ್ಲಿಂದಲೇ ಬರಬೇಕು, ಕಾಲೇಜಿನ ಓದಿಗೂ ಅಲ್ಲಿಗೇ ಹೋಗಬೇಕು. ಆ ನಗರದಲ್ಲಿ 1909ರ ಆಗಸ್ಟ್ 17ರಂದು ರಹೀಮರು ಜನಿಸಿದರು.

ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅವರು ಅಲ್ಲಿನ ತಂಡದಲ್ಲಿ ಆಡಿದರು. ಅನಂತರ ಕಾಲೇಜು ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಕೂಡಿದ್ದ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲಿಯೂ ಹೆಸರು ಗಳಿಸಿದರು. ಆಟವನ್ನೇ ನೆಚ್ಚಿ ಸಂಸಾರ ಸಾಗಿಸುವ ಕಾಲ ಅದಾಗಿರಲಿಲ್ಲ. ಪದವಿ ಪಡೆದು ಅವರು ಹಿಡಿದದ್ದು ಉಪಾಧ್ಯಾಯ ವೃತ್ತಿಯನ್ನೇ. ಕಾಚಿಗುಡ, ಚಾದರಘಾಟ್ ಮುಂತಾದ ಕಡೆಗಳ ಶಾಲೆಗಳಲ್ಲಿ ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಮಕ್ಕಳ ಆಟಪಾಟಗಳ ಹೊಣೆಯನ್ನೂ ಹೊತ್ತರು. ಪಾಠ ಹೇಳುವವನ ತಾಳ್ಮೆ ಹಾಗೂ ಆಡಿ ಬಲ್ಲವನ ಅನುಭವ ಒಬ್ಬರಲ್ಲಿಯೇ ಕೂಡಿದ್ದು ಅವರ ಮುಂದಿನ ಸಾಧನೆಗಳಿಗೆಲ್ಲ ಮೂಲವಾಯಿತು.

1943ರಲ್ಲಿ ಅವರು ಹೈದರಾಬಾದ್ ಕಾಲ್ಚೆಂಡು ಸಂಸ್ಥೆಯ ಕಾರ್ಯದರ್ಶಿಗಳಾದರು. ಕೊನೆಯುಸಿರಿನ ವರೆಗೂ ಆ ಭಾರವನ್ನು ಇಳಿಸಲಿಲ್ಲ. ಅವರು ಬಾಲಕರಿಗಾಗಿ ನಡೆಸಿದ ಪಂದ್ಯಗಳ ಕ್ರಮವನ್ನು ನಮ್ಮ ಶಾಲೆಗಳವರು ಗಮನಿಸಬೇಕು. ನಮ್ಮಲ್ಲಿ ಚುರುಕಾದ ಹುಡುಗನಿಗೆ ಚೆಂಡು ಸಿಕ್ಕಿತೆಂದರೆ ಅವನು ಅದನ್ನು ಯಾರಿಗೂ ಕೊಡದೆ ತಾನೊಬ್ಬನೇ ಉರುಳಿಸಿಕೊಂಡು ಓಡುತ್ತಾನೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ, ತಂಡ ಸೋಲುತ್ತದೆ. ಈ ರೋಗಕ್ಕೆ ಮದ್ದಾಗಿ ರಹೀಮರು, ಚೆಂಡನ್ನು ಹಾಗೆ ಒಯ್ಯುವುದನ್ನೇ ನಿಷೇಧಿಸಿದ ಪಂದ್ಯಗಳನ್ನು ಏರ್ಪಡಿಸಿದರು. ಬಂದ ಚೆಂಡನ್ನು ಒಡನೆಯೇ ಜೊತೆಗಾರನಿಗೆ ದಾಟಿಸಬೇಕು. ಬಲಗಾಲಿನಿಂದಷ್ಟೇ ಒದೆಯಬಲ್ಲ ಹುಡುಗನಿಗೆ ಎಡಗಾಲಿನಿಂದಲೇ ಆಡಬೇಕೆಂಬ ಪಂದ್ಯಗಳೂ ಇದ್ದವು. ಲೋಪವಿರುವ ಕಡೆಯಲ್ಲಿಯೇ ಅಭ್ಯಾಸ ಮಾಡಿಸುವುದು ಒಳ್ಳೆಯ ಉಪಾಧ್ಯಾಯನ ಲಕ್ಷಣ. ಒತ್ತಕ್ಷರ ತಪ್ಪುವ ಮಗುವಿಗೆ ಒತ್ತಕ್ಷರದ ಪದಗಳನ್ನೇ ಉಕ್ತಲೇಖನ ಕೊಡುವುದಿಲ್ಲವೆ? ಇದೂ ಹಾಗೆಯೇ.

ಈ ಶಿಕ್ಷಣದ ಫಲವನ್ನು ಮೊದಲು ಕಂಡದ್ದು ಹೈದರಾಬಾದ್ ನಗರ ಪೊಲೀಸ್ ತಂಡ. ಕಾಲ್ಚೆಂಡಾಟವೆಂದರೆ ಕಲ್ಕತ್ತೆ ಎಂದು ದೇಶವೆಲ್ಲ ನಂಬಿದ್ದ ದಿನಗಳವು. ರಹೀಮರು ತರಬೇತು ಮಾಡಿದ ಪೊಲೀಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರ ವರೆಗೆ ಎಡೆಬಿಡದೆ ಐದು ವರ್ಷ ಗೆದ್ದಿತು. ದೆಹಲಿಯ ಡ್ಯುರಾಂಡ್ ಕಪ್ಪೂ ಹೈದರಾಬಾದಿನ ದಾರಿ ಹಿಡಿಯಿತು. 1956-57 ಹಾಗೂ 1957-58ರಲ್ಲಿ ಹೈದರಾಬಾದ್ ತಂಡ ಸಂತೋಷ್ ಟ್ರೋಫಿಯನ್ನೂ ಸತತವಾಗಿ ಎರಡು ಸಲ ತನ್ನದಾಗಿಸಿಕೊಂಡಿತು.

ಇಷ್ಟು ಹೊತ್ತಿಗೆ ರಾಷ್ಟ್ರದ ತಂಡವೂ ಅವರ ಕೈಗೆ ಬಂದಿತ್ತು. 1951ರ ಮಾರ್ಚ್ ತಿಂಗಳಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡೆಗಳು ನಡೆದವು. ಶೈಲೇನ್ ಮನ್ನಾ ಅವರ ನಾಯಕತ್ವದ ಭಾರತ ತಂಡವು ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಚಿನ್ನದ ಪದಕ ಪಡೆಯಿತು. ಸ್ವತಂತ್ರ ಭಾರತಕ್ಕೆ ಅದೊಂದು ಮಹೋತ್ಸವವೇ ಸರಿ.

ಆದರೆ ಗೆಲುವಿನ ಬೆನ್ನಿಗೇ ಸೋಲು ಕಾದಿತ್ತು. 1952ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ತಂಡವು ಭಾರತವನ್ನು 10-1ರಿಂದ ಸೋಲಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ್ದರು. ಆ ಶೀತಪ್ರದೇಶದ ನೆಲದಲ್ಲಿ ಅದು ಸಾಗುವ ಮಾತಾಗಿರಲಿಲ್ಲ. ಆ ದಿನದ ಏಕಮಾತ್ರ ಗೋಲನ್ನು ಹೊಡೆದವರು ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನರು ಎಂಬುದಷ್ಟೇ ನಮಗೆ ಉಳಿದ ಸಮಾಧಾನ. ಈ ಪರಾಭವದ ತರುವಾಯ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು.

ಸೋಲು ಬಂದಾಗ ಅದೃಷ್ಟವನ್ನು ಹಳಿದು ಕೂರುವುದು ಸುಲಭ. ರಹೀಮರು ಸೋಲನ್ನೂ ಒಂದು ಪಾಠವೆಂದು ಓದಿದರು. ಹಳೆಯ ಕಾಲದ ಆಟದಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುವ ವಾಡಿಕೆ. ಯೂರೋಪಿನವರು ಆ ವ್ಯೂಹವನ್ನು ಬದಲಿಸಿ ರಕ್ಷಣೆಯನ್ನು ಬಲಪಡಿಸಿದ್ದರು. ರಹೀಮರು ಆ ಬದಲಾವಣೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ ನಮ್ಮ ಹುಡುಗರ ಮೈಕಟ್ಟಿಗೆ ಹೊಂದಿಸಿದರು. ಎತ್ತರದಲ್ಲಿ, ತೂಕದಲ್ಲಿ ಪರದೇಶದವರಿಗೆ ಸಮನಾಗದವರು ಚೆಂಡನ್ನು ನೆಲಕ್ಕೆ ಹತ್ತಿರವಾಗಿ, ಗಿಡ್ಡ ಗಿಡ್ಡ ಹೊಡೆತಗಳಿಂದ, ಬೇಗ ಬೇಗ ದಾಟಿಸಬೇಕೆಂಬುದು ಅವರ ಮತ. 1958ರಲ್ಲಿ ಬ್ರೆಜಿಲ್ ತಂಡ ಲೋಕಪ್ರಸಿದ್ಧಗೊಳಿಸಿದ ನಾಲ್ಕು-ಎರಡು-ನಾಲ್ಕರ ವ್ಯೂಹವನ್ನೂ ಅವರು ನಮ್ಮ ತಂಡಕ್ಕೆ ಕಲಿಸಿದರು.

ಇದರ ಪರೀಕ್ಷೆ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಡೆಯಿತು. ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನವು ಭಾಷೆಗನುಸಾರವಾಗಿ ಮೂರು ಪಾಲಾಗಿತ್ತು. ನಮ್ಮ ಬಂಧುಗಳು ಮೈಸೂರು ರಾಜ್ಯದ ಕಡೆಗೂ ನಾವು ಆಂಧ್ರಪ್ರದೇಶದ ಕಡೆಗೂ ಹಂಚಿಹೋಗಿದ್ದೆವು. ಸರಿಯಾಗಿ ಒಂದು ತಿಂಗಳ ತರುವಾಯ, ಡಿಸೆಂಬರ್ 1ರಂದು, ಹಲವು ಭಾಷೆಗಳ ಹುಡುಗರಿದ್ದ ರಹೀಮರ ತಂಡವು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನ ಉಪಾಂತ್ಯಕ್ಕೆ ಏರಿದ ಏಷ್ಯಾ ಖಂಡದ ಮೊದಲ ತಂಡ ನಮ್ಮದಾಯಿತು. ಉಪಾಂತ್ಯದಲ್ಲಿ ಯುಗೊಸ್ಲಾವಿಯವೇ ಎದುರಾಯಿತು. ಮೊದಲ ಗೋಲು ಭಾರತದ್ದೇ. ಕೊನೆಗೆ 4-1ರ ಸೋಲು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಕೊಟ್ಟ ತಂಡದ ಎದುರು ಇದು ಸಣ್ಣ ಪ್ರಗತಿಯಲ್ಲ. ಬಲ್ಗೇರಿಯಕ್ಕೆ 3-0ರಿಂದ ಸೋತು ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರೆಂದು ಹೇಳಿಕೊಳ್ಳಲು ಕನ್ನಡಿಗರಾದ ನಮಗೆ ಹೆಮ್ಮೆ.

1960ರ ರೋಂ ಒಲಿಂಪಿಕ್ಸಿನಲ್ಲಿ ಭಾರತ ಹಂಗೆರಿಗೆ 2-1ರಿಂದ ಸೋತಿತು. ಫ್ರಾನ್ಸಿನೊಡನೆ 1-1ರಿಂದ ಸಮ ಮಾಡಿಕೊಂಡಿತು. ಪೆರುವಿಗೆ 3-1ರಿಂದ ಸೋತು ಹಿಂದಿರುಗಿತು. ಈ ಪ್ರವಾಸದ ಒಂದು ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು. ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಆ ತಂಡದಲ್ಲಿದ್ದರು. ತರಬೇತುದಾರರು ತಂದೆಯೇ. ಆದರೂ ಹಕೀಮರಿಗೆ ಒಂದು ಪಂದ್ಯದಲ್ಲಿಯೂ ಅಂಗಳಕ್ಕಿಳಿಯುವ ಅವಕಾಶ ದೊರೆಯಲಿಲ್ಲ. ಸ್ವಂತ ಮಗನನ್ನು ತರಗತಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿದ ಉಪಾಧ್ಯಾಯರಿಗೆ ಇದರ ಕಷ್ಟ ತಿಳಿದೀತು.

ಪರರ ಮಕ್ಕಳ ವಿಷಯದಲ್ಲಿ ಅವರ ಅಂತಃಕರಣ ಹೇಗಿತ್ತೆಂಬುದಕ್ಕೆ ಬಲರಾಮರ ಕಥೆಯೇ ಸಾಕ್ಷಿ. ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಹುಡುಗ ತುಳಸಿದಾಸ ಬಲರಾಮ. ಅವನ ಕಾಲಿನ ಚಳಕವನ್ನು ರಹೀಮರು ಗುರುತಿಸಿದರು. ಅಷ್ಟು ದೂರದಿಂದ ಹೈದರಾಬಾದಿನ ಅಂಗಳಕ್ಕೆ ದಿನವೂ ಬರಲು ಆ ಬಾಲಕನ ಕೈಯಲ್ಲಿ ಕಾಸಿರಲಿಲ್ಲ. ಸೈಕಲ್ಲಿನ ಅನುಕೂಲವನ್ನು ಗುರುಗಳೇ ಮಾಡಿಕೊಟ್ಟರೆಂದು ಬಲರಾಮರು ಮುಂದೆ ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು. ರೋಂ ನಗರದಲ್ಲಿ ಹಂಗೆರಿಯ ಮೇಲೆಯೂ ಪೆರುವಿನ ಮೇಲೆಯೂ ಗೋಲು ಹೊಡೆದವರು ಇದೇ ಬಲರಾಮರು.

ಇನ್ನು ಕೊನೆಯ ಅಧ್ಯಾಯ. 1962ರಲ್ಲಿ ಇಂಡೊನೇಷ್ಯದ ಜಕಾರ್ತದಲ್ಲಿ ನಾಲ್ಕನೆಯ ಏಷ್ಯನ್ ಕ್ರೀಡೆಗಳು. ಚುನಿ ಗೋಸ್ವಾಮಿ ನಾಯಕರು. ಆ ತಂಡದ ಪಟ್ಟಿಯನ್ನು ನೋಡಿದರೆ ಭಾರತದ ಭೂಪಟವೇ ಕಣ್ಣೆದುರು ನಿಲ್ಲುತ್ತದೆ. ಬಂಗಾಳದ ಚುನಿ, ಪ್ರದೀಪ್ ಕುಮಾರ್ ಬ್ಯಾನರ್ಜಿ, ಅರುಣ್ ಘೋಷ್, ಪಂಜಾಬಿನ ಜರ್ನೈಲ್ ಸಿಂಗ್, ಕೇರಳದ ಚಂದ್ರಶೇಖರ್, ಗೋವೆಯ ಮೂಲದ ಫ್ರಾಂಕೊ, ಹೈದರಾಬಾದ್ ಸೀಮೆಯ ಬಲರಾಮ್, ಯೂಸುಫ್ ಖಾನ್. ಒಬ್ಬೊಬ್ಬರ ತಾಯ್ನುಡಿ ಒಂದೊಂದು. ಗಡಿನಾಡಿನಲ್ಲಿ ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ನುಡಿಯಾಡಿ ಬಾಳುವ ನಮಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರೂ ತಮ್ಮ ನುಡಿಯನ್ನು ಬಿಟ್ಟುಕೊಡಲಿಲ್ಲ. ಚೆಂಡನ್ನು ಮಾತ್ರ ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು.

ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ಭಾರತವನ್ನು 2-0ರಿಂದ ಸೋಲಿಸಿತು. ಥಾಯ್ಲೆಂಡಿನ ಮೇಲೆ 4-1ರ ಗೆಲುವು ಬಂದರೂ ಜರ್ನೈಲರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0ರಿಂದ ಸೋಲಿಸಿ ಭಾರತ ಉಪಾಂತ್ಯಕ್ಕೆ ಬಂದಿತು. ಆಗ ರಹೀಮರು ಯಾರೂ ನಿರೀಕ್ಷಿಸದ ಕಾರ್ಯವೊಂದನ್ನು ಮಾಡಿದರು. ರಕ್ಷಣೆಯ ಆಳಾದ ಜರ್ನೈಲರನ್ನು, ತಲೆಯ ಗಾಯವಿದ್ದಂತೆಯೇ, ಮುಂಚೂಣಿಯ ನಡುವೆ ನಿಲ್ಲಿಸಿದರು. ದಕ್ಷಿಣ ವಿಯಟ್ನಾಮಿನ ವಿರುದ್ಧ ಜರ್ನೈಲರು ಗೋಲು ಹೊಡೆದರು. ಭಾರತ 3-2ರಿಂದ ಗೆದ್ದಿತು.

ಅಂತಿಮ ಪಂದ್ಯಕ್ಕೆ ಪುನಃ ದಕ್ಷಿಣ ಕೊರಿಯವೇ ಎದುರಾಳಿ. ಅದಕ್ಕಿಂತಲೂ ಭಯಂಕರವಾದುದು ಜನರ ಕೋಪ. ಇಸ್ರೇಲ್ ಮತ್ತು ತೈವಾನ್ ದೇಶದವರಿಗೆ ಇಂಡೊನೇಷ್ಯ ಪ್ರವೇಶ ಕೊಡದಿದ್ದುದನ್ನು ಭಾರತದ ಕ್ರೀಡಾಧಿಕಾರಿ ಸೋಂಧಿಯವರು ಆಕ್ಷೇಪಿಸಿದ್ದರು. ಆ ಸಿಟ್ಟು ಆಟಗಾರರ ಮೇಲೆ ತಿರುಗಿತು. ಸುಮಾರು ಒಂದು ಲಕ್ಷ ಜನರು ನೆರೆದಿದ್ದ ಕ್ರೀಡಾಂಗಣ ನಮ್ಮವರನ್ನು ಕೂಗಾಟದಿಂದ ಮೂದಲಿಸಿತು. ಸೆಪ್ಟೆಂಬರ್ 4ರ ಆ ದಿನ, ಕಾಯಿಲೆಯಿಂದ ಎದ್ದ ಥಂಗರಾಜರು ಗೋಲು ಕಾಯಲು ನಿಂತರು. ಹದಿನೇಳನೆಯ ನಿಮಿಷದಲ್ಲಿ ಬ್ಯಾನರ್ಜಿಯವರ ಗೋಲು. ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲರ ಗೋಲು. ಕೊರಿಯದವರು ಒಂದು ಗೋಲು ಹಿಂದಿರುಗಿಸಿದ್ದು ಆಟ ಮುಗಿಯುತ್ತ ಬಂದಾಗ. ಭಾರತ 2-1ರಿಂದ ಗೆದ್ದು ಚಿನ್ನದ ಪದಕವನ್ನು ಧರಿಸಿತು.

ಆ ಗೆಲುವಿನ ಸುಖವನ್ನು ರಹೀಮರು ಬಹುಕಾಲ ಅನುಭವಿಸಲಿಲ್ಲ. ಅರ್ಬುದ ರೋಗವು ಅವರ ಶ್ವಾಸಕೋಶವನ್ನು ಕೊರೆಯುತ್ತಿತ್ತು. ಜಕಾರ್ತದಿಂದ ಮರಳಿದ ಒಂದು ವರ್ಷದೊಳಗೇ, 1963ರ ಜೂನ್ 11ರಂದು, ಐವತ್ತಮೂರರ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಾಟದಲ್ಲಿ ಭಾರತ ಅಲ್ಲಿಂದೀಚೆಗೆ ಚಿನ್ನವನ್ನು ಗೆದ್ದಿಲ್ಲ. ಗೆದ್ದ ಎರಡು ಚಿನ್ನಗಳೂ ಆ ಮೇಷ್ಟರ ಕಾಲದವೇ.

ಕ್ರೀಡಾಗುರುಗಳಿಗೆ ಸರಕಾರ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಅಷ್ಟು ಹೊತ್ತಿಗೆ ರಹೀಮರು ಗತಿಸಿ ಇಪ್ಪತ್ತೆರಡು ವರ್ಷಗಳಾಗಿದ್ದವು. 2024ರಲ್ಲಿ ಅವರ ಜೀವನವನ್ನು ಕುರಿತ ಹಿಂದಿ ಚಲನಚಿತ್ರ ಮೈದಾನ್ ತೆರೆಕಂಡಾಗ, ಹೈದರಾಬಾದಿಗೆ ಇಷ್ಟು ಸಮೀಪದಲ್ಲಿರುವ ನಮ್ಮ ಮಕ್ಕಳೇ ಈ ಮಹನೀಯರು ಯಾರೆಂದು ಕೇಳುವಂತಾಯಿತು. ಆ ಪ್ರಶ್ನೆ ನಮ್ಮನ್ನು ನಾಚಿಸಿತು. ತಂದೆಯ ನೆನಪನ್ನು ಬಹುಕಾಲ ಕಾಪಾಡಿದ ಹಕೀಮರು ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾಗಿ ಬಾಳಿ, 2021ರ ಆಗಸ್ಟ್ ತಿಂಗಳಲ್ಲಿ ನಮ್ಮ ಕಲಬುರಗಿಯಲ್ಲಿಯೇ ತೀರಿಕೊಂಡರು.

ಪ್ರಿಯ ವಾಚಕರೇ, ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂದು ನಾವೆಲ್ಲರೂ ಕೊರಗುತ್ತೇವೆ. ಸಣ್ಣ ಶಾಲೆಯಿಂದ ಏನು ತಾನೇ ಸಾಧ್ಯ ಎಂಬ ನಿರಾಶೆ ನಮ್ಮಲ್ಲಿ ಕೆಲವರಿಗಿದೆ. ರಹೀಮರ ಕೈಯಲ್ಲಿ ಆರಂಭದಲ್ಲಿ ಇದ್ದುದಾದರೂ ಏನು? ಒಂದು ಶಾಲೆಯ ಅಂಗಳ, ಒಂದು ಚೆಂಡು, ಮತ್ತು ಎಡಗಾಲು ಪಳಗದ ಒಂದಷ್ಟು ಹುಡುಗರು. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ಬಾಗಿಲು ತೆರೆಯುತ್ತವೆ. ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಿರಿ. ಸಂಜೆ ಅವರು ಮೈಯೆಲ್ಲ ಧೂಳಾಗಿ ತಡವಾಗಿ ಮನೆಗೆ ಬಂದರೆ ಗದರಿಸುವ ಮೊದಲು ಕ್ಷಣಕಾಲ ಅಮ್ಮುಗುಡದ ಆ ಬಾಲಕನನ್ನು ನೆನೆಯಿರಿ. ಇನ್ನು ಮುಂದೆ ಪರೀಕ್ಷೆಯ ನೆಪದಲ್ಲಿ ಆಟದ ಪಾಠವನ್ನು ಕಸಿದುಕೊಳ್ಳುವುದಿಲ್ಲವೆಂದು ಉಪಾಧ್ಯಾಯರಾದ ನಾವು ಈ ಸಂಚಿಕೆಯ ಮುಖಾಂತರ ತಮಗೆ ಮಾತು ಕೊಡುತ್ತೇವೆ.