ಚಿಕ್ಕ ತೋಟೆಯ ಬೆಲ್

ಶಿಕಾರಿಯ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ, ಕೋವಿ ಎಷ್ಟು ದೊಡ್ಡದು ಎಂಬುದು. ಪ್ರಾಣಿ ದೊಡ್ಡದಾದರೆ ಗುಂಡೂ ದೊಡ್ಡದಾಗಬೇಕು. ಇದು ಯಾರೂ ಹೇಳಿಕೊಡದೆ ಎಲ್ಲರಿಗೂ ಹೊಳೆಯುವ ಲೆಕ್ಕ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಮೈಸೂರು ಸೀಮೆಯಲ್ಲಿ ಹೆಸರಾದ ಸ್ಯಾಂಡರ್ಸನ್ ಸಾಹೇಬನೂ ಈ ಲೆಕ್ಕವನ್ನೇ ನಂಬಿದ್ದನು. ಅವನ ಕಾಲದ ಆನೆಕೋವಿಗಳನ್ನು 4 ಬೋರು, 8 ಬೋರು ಎಂದು ಕರೆಯುತ್ತಿದ್ದರು. ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡುಗಳನ್ನು ಎರಕ ಹೊಯ್ದರೆ, ಆ ಗುಂಡು ಹಿಡಿಸುವ ನಳಿಗೆ 4 ಬೋರಿನದು. ಅಂಥ ಕೋವಿಯನ್ನು ಹೊರುವುದಕ್ಕೆ ಒಬ್ಬ ಆಳು ಬೇಕು. ಹಾರಿಸಿದವನ ಭುಜಕ್ಕೆ ಅದು ಕತ್ತೆಯಂತೆ ಒದೆಯುತ್ತಿತ್ತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ ಒಬ್ಬನಿದ್ದನು. ಅವನು ಆರಿಸಿಕೊಂಡ ಗುಂಡು ಎಷ್ಟು ಚಿಕ್ಕದೆಂದರೆ ಒಂದು ಪೌಂಡು ತೂಕಕ್ಕೆ ಅಂಥವು ನಲವತ್ತು ಬರುತ್ತವೆ. ಆ ಗುಂಡಿನಿಂದ ಅವನು ಹೊಡೆದದ್ದು ಮೊಲವನ್ನಲ್ಲ, ಆಫ್ರಿಕದ ಸಲಗಗಳನ್ನು. ಅವನ ಹೆಸರು ವಾಲ್ಟರ್ ಡಾಲ್ರಿಂಪಲ್ ಮೇಟ್‌ಲಂಡ್ ಬೆಲ್. ಲೋಕ ಅವನನ್ನು ಕರಮೋಜೊ ಬೆಲ್ ಎಂದು ನೆನೆಯುತ್ತದೆ. ಅವನ ಕಥೆಯನ್ನು ನಾನು ಮೊದಲು ಓದಿದ್ದು ಬೆರಗಿನಿಂದ. ಎರಡನೆಯ ಸಲ ಓದಿದಾಗ ಬೆರಗಿನ ಜೊತೆಗೆ ಒಂದು ಕಸಿವಿಸಿಯೂ ಹುಟ್ಟಿತು. ಆ ಎರಡನ್ನೂ ಮುಚ್ಚಿಡದೆ ಇಲ್ಲಿ ಹೇಳುವುದು ನನ್ನ ಉದ್ದೇಶ.

ಬೆಲ್ ಹುಟ್ಟಿದ್ದು 1880ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಸಮೀಪದಲ್ಲಿ. ಎಳೆತನದಲ್ಲಿಯೇ ತಾಯಿ ಹೋದಳು, ಕೆಲವು ವರ್ಷಗಳಲ್ಲಿ ತಂದೆಯೂ ಹೋದನು. ಅಣ್ಣಂದಿರ ಪೋಷಣೆಯಲ್ಲಿ ಬೆಳೆದ ಹುಡುಗನಿಗೆ ಶಾಲೆ ಹಿಡಿಸಲಿಲ್ಲ. ಹದಿಮೂರನೆಯ ವಯಸ್ಸಿನ ಹೊತ್ತಿಗೆ ಅವನು ಹಡಗು ಹತ್ತಿ ಕಡಲಿಗಿಳಿದಿದ್ದನು. ಮನಸ್ಸಿನ ತುಂಬ ಆಫ್ರಿಕದ ಆನೆಗಳೇ. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಅವನು ಪೂರ್ವ ಆಫ್ರಿಕವನ್ನು ಸೇರಿದಾಗ, ಮೊಂಬಾಸದಿಂದ ಒಳನಾಡಿಗೆ ಉಗಾಂಡ ರೈಲುಮಾರ್ಗದ ಕೆಲಸ ನಡೆಯುತ್ತಿತ್ತು. ಆ ಕೆಲಸಕ್ಕೆ ನಮ್ಮ ದೇಶದಿಂದ ಹೋದ ಸಾವಿರಾರು ಕೂಲಿಗಳಿಗೆ ಸಿಂಹಗಳ ಕಾಟ ವಿಪರೀತವಾಗಿತ್ತು. ಹುಡುಗ ಬೆಲ್ ಸಿಂಹಗಳನ್ನು ಹೊಡೆಯುವ ಕೆಲಸಕ್ಕೆ ಸೇರಿದನು.

ಅವನ ಕೈಯಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ತೋಟೆ ತುಂಬುವ .303 ರೈಫಲ್. ಕೋವಿ ಒಳ್ಳೆಯದೇ; ಆದರೆ ಆ ನಾಡಿನ ಬಿಸಿಲಿಗೆ ಹಾರಿದ ತೋಟೆಯ ಹಿತ್ತಾಳೆ ಕೊಳವೆ ನಳಿಗೆಯೊಳಗೆ ಕಚ್ಚಿಕೊಂಡು ಹೊರಬರುತ್ತಿರಲಿಲ್ಲ. ಎದುರಿಗೆ ಸಿಂಹ, ಕೈಯಲ್ಲಿ ಎರಡನೆಯ ಈಡು ಹಾರದ ಕೋವಿ! ಕೋವಿಯ ಬಲಕ್ಕಿಂತ ತೋಟೆಯ ನಂಬಿಕೆ ದೊಡ್ಡದು ಎಂಬ ಪಾಠವನ್ನು ಅವನು ಕಲಿತದ್ದು ಹೀಗೆ. ಮುಂದೆ ಅವನು ಮಾಡಿದ ಆಯ್ಕೆಗಳಿಗೆಲ್ಲ ಬೀಜ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಅಲ್ಲಿಂದ ಅವನ ಹಾದಿ ಬಹಳ ದೂರ ಸುತ್ತಿತು. ಚಿನ್ನದ ಆಸೆಯಿಂದ ಕೆನಡಾದ ಕ್ಲಾಂಡೈಕಿಗೆ ಹೋದನು; ಚಿನ್ನ ಸಿಗದೆ, ಡಾಸನ್ ಪಟ್ಟಣಕ್ಕೆ ಮಾಂಸ ಒದಗಿಸಲು ಹಿಮದ ಕಾಡಿನಲ್ಲಿ ಬೇಟೆಯಾಡಿದನು. ಪಾಲುದಾರ ಮೋಸ ಮಾಡಿದ್ದರಿಂದ ದುಡಿದ ಹಣವೂ ಕೈಬಿಟ್ಟಿತು. ಬೋಯರ್ ಯುದ್ಧ ಬಂದಾಗ ಕೆನಡಾದ ಕುದುರೆಪಡೆಯನ್ನು ಸೇರಿ ದಕ್ಷಿಣ ಆಫ್ರಿಕಕ್ಕೆ ಬಂದನು; ಸೆರೆಸಿಕ್ಕನು, ತಪ್ಪಿಸಿಕೊಂಡನು. 1902ರಲ್ಲಿ ಯುದ್ಧ ಮುಗಿದ ಮೇಲೆ ಅವನು ಮತ್ತೆ ಪೂರ್ವ ಆಫ್ರಿಕಕ್ಕೆ ಬಂದು, ಉಗಾಂಡದ ಈಶಾನ್ಯ ಮೂಲೆಯಲ್ಲಿದ್ದ ಕರಮೋಜ ಪ್ರಾಂತವನ್ನು ಹೊಕ್ಕನು. ಸರ್ಕಾರದ ಕೈ ಅಲ್ಲಿಗೆ ಇನ್ನೂ ಸರಿಯಾಗಿ ಮುಟ್ಟಿರಲಿಲ್ಲ. ದನಗಾಹಿಗಳಾದ ಅಲ್ಲಿಯ ಜನರೊಡನೆ ಅವನು ಸ್ನೇಹದಿಂದ ನಡೆದುಕೊಂಡನು. ಆನೆಗಳ ಸುದ್ದಿ ತಂದವನಿಗೆ ಬಹುಮಾನವಾಗಿ ಹಸುವನ್ನು ಕೊಡುತ್ತಿದ್ದನು. ಬಿದ್ದ ಆನೆಯ ಮಾಂಸ ಊರಿನವರಿಗೆ, ದಂತ ತನಗೆ. ಪ್ಯಾಜಲೆ ಎಂಬ ಅಲ್ಲಿಯ ವೀರ ಅವನಿಗೆ ಹೆಜ್ಜೆ ಹಿಡಿಯುವ ಜೊತೆಗಾರನೂ ಗೆಳೆಯನೂ ಆದನು.

ಇನ್ನು ತೋಟೆಯ ವಿಷಯ. ಆ ಹೊತ್ತಿಗೆ ಹೊಗೆಯಿಲ್ಲದ ಹೊಸ ಮದ್ದು ಬಂದು ಕೋವಿಗಳ ಪ್ರಪಂಚವೇ ಬದಲಾಗಿತ್ತು. ಆದರೂ ಆನೆ ಬೇಟೆಗಾರರು ಜೋಡುನಳಿಗೆಯ ಭಾರಿ ರೈಫಲ್‌ಗಳನ್ನೇ ಹಿಡಿಯುತ್ತಿದ್ದರು. .577 ಎಂಬ ತೋಟೆಯ ಗುಂಡು 750 ಗ್ರೇನ್, ಎಂದರೆ ಸುಮಾರು 48 ಗ್ರಾಂ ತೂಗುತ್ತಿತ್ತು. ಬೆಲ್ ಮೆಚ್ಚಿದ 7 ಮಿಲಿಮೀಟರ್ ಮಾಸರ್ ತೋಟೆಯ ಗುಂಡು 173 ಗ್ರೇನ್, ಸುಮಾರು 11 ಗ್ರಾಂ ಮಾತ್ರ. ಇದನ್ನೇ ಲಂಡನ್ನಿನ ರಿಗ್ಬಿ ಕಂಪೆನಿಯವರು .275 ಎಂಬ ಹೆಸರಿನಲ್ಲಿ ತಮ್ಮ ಹಗುರವಾದ ರೈಫಲ್‌ಗಳಿಗೆ ಅಳವಡಿಸಿದ್ದರು. ಸಿಪಾಯಿಗಳಿಗೆಂದು ಹುಟ್ಟಿದ ತೋಟೆ ಇದು; ಬೋಯರರು ಇಂಗ್ಲಿಷರ ಮೇಲೆ ಹಾರಿಸಿದ್ದೂ ಇದನ್ನೇ.

ಚಿಕ್ಕದೆಂದ ಮಾತ್ರಕ್ಕೆ ಅದು ದುರ್ಬಲವಲ್ಲ. ಆ ಗುಂಡು ಸಣ್ಣಗಿದ್ದರೂ ಉದ್ದವಾಗಿತ್ತು. ದಪ್ಪ ಮೊಳೆಗೂ ದಬ್ಬಳಕ್ಕೂ ಇರುವ ವ್ಯತ್ಯಾಸವನ್ನು ನೆನೆಯಿರಿ: ತೂಕವೆಲ್ಲ ಕಿರಿದಾದ ಒಂದೇ ಬಿಂದುವಿನ ಹಿಂದೆ ಒತ್ತಿ ನಿಂತರೆ ಅದು ಆಳಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಲ್ಲಿ ಹೊರಟ ಗುಂಡು ಮೂಳೆಯನ್ನು ಹೊಕ್ಕು ನೇರವಾಗಿ ಸಾಗುತ್ತಿತ್ತು. ಆದರೆ ಇದಕ್ಕೊಂದು ನಿಯಮವುಂಟು. ಗುಂಡಿನ ಮೂತಿ ದುಂಡಗಿರಬೇಕು, ಮೈಗೆಲ್ಲ ಗಟ್ಟಿ ಲೋಹದ ಕವಚವಿರಬೇಕು. ಮೂತಿಯಲ್ಲಿ ಸೀಸ ತೆರೆದಿರುವ ಮೆತ್ತನೆಯ ಗುಂಡು ಜಿಂಕೆಗೆ ಸರಿ. ತಾಗಿದೊಡನೆ ಹೂವಿನಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಆನೆಯ ತಲೆಗೆ ಹಾರಿಸಿದರೆ ಮಿದುಳಿಗೆ ಮುಟ್ಟುವ ಮೊದಲೇ ಅದರ ಕಸುವು ತೀರಿಹೋಗುತ್ತದೆ. ನಳಿಗೆಯ ಅಳತೆಯೊಂದನ್ನೇ ಕೇಳಿ ಗುಂಡಿನ ಬಗೆಯನ್ನು ಕೇಳದವನು ಅರ್ಧ ಪ್ರಶ್ನೆಯನ್ನು ಮಾತ್ರ ಕೇಳಿದಂತೆ.

ಬೆಲ್ ಬೇರೆ ತೋಟೆಗಳನ್ನೂ ಪರೀಕ್ಷಿಸದೆ ಬಿಡಲಿಲ್ಲ. ಇನ್ನೂ ಹಗುರವಾದ 6.5 ಮಿಲಿಮೀಟರ್ ಮಾನ್‌ಲಿಕರ್ ರೈಫಲ್ ಅವನಿಗೆ ಬಹಳ ಪ್ರಿಯವಾಗಿತ್ತು. ತೋಟೆಗಳ ದೋಷದಿಂದ ಕೈಬಿಟ್ಟನು. .318 ತೋಟೆಯ ಗುಂಡು ಇನ್ನೂ ಭಾರವಾದದ್ದು, ಆನೆಗೆ ಒಪ್ಪುವಂಥದು. ಆದರೆ ಅವನಿಗೆ ದೊರೆತವು ಆಗೊಮ್ಮೆ ಈಗೊಮ್ಮೆ ಹಾರದೆ ಕೈಕೊಟ್ಟವು. ಆ ಉಳಿದ ತೋಟೆಗಳನ್ನು ಅವನು ಹಾರುವ ನೀರುಕಾಗೆಗಳ ಮೇಲೆ ಖರ್ಚು ಮಾಡಿದನಂತೆ. ಒಂಟಿ ಗುಂಡಿನಿಂದ ಹಕ್ಕಿಗಳು ಉದುರುವುದನ್ನು ಕಂಡವರು ಅವನ ಕೈಯಲ್ಲಿರುವುದು ಚರೆ ಹಾರಿಸುವ ಕೋವಿಯೆಂದೇ ತಿಳಿದರು. ಕೊನೆಗೆ ಮನಸ್ಸು ನಿಂತದ್ದು ಜರ್ಮನಿಯಲ್ಲಿ ತಯಾರಾದ 7 ಮಿಲಿಮೀಟರ್ ತೋಟೆಯ ಮೇಲೆ, ಏಕೆಂದರೆ ಅದು ಅವನಿಗೆ ಒಮ್ಮೆಯೂ ಕೈಕೊಡಲಿಲ್ಲ.

ಇಷ್ಟು ಮಾತ್ರವೇ ಆಗಿದ್ದರೆ ಬೆಲ್ಲನು ಜಾಣ ಗಿರಾಕಿ ಎನ್ನಿಸಿಕೊಳ್ಳುತ್ತಿದ್ದನು, ಅಷ್ಟೆ. ಅವನನ್ನು ಬೆಲ್ಲನನ್ನಾಗಿ ಮಾಡಿದ್ದು ಇನ್ನೊಂದು ಕೆಲಸ. ಅವನು ಸತ್ತ ಆನೆಯ ತಲೆಯನ್ನು ಗರಗಸದಿಂದ ನೆತ್ತಿಯಿಂದ ಕೆಳಕ್ಕೆ ಎರಡು ಹೋಳಾಗಿ ಸೀಳಿಸಿ ನೋಡಿದನು. ಆನೆಯ ಕುಂಭಸ್ಥಳ ನೋಡುವುದಕ್ಕೆ ಬಂಡೆಯಂತಿದ್ದರೂ ಒಳಗೆ ಜೇನುಗೂಡಿನಂತೆ ಪೊಳ್ಳು ಮೂಳೆ. ಮಿದುಳು ಇರುವುದು ಬಹಳ ಹಿಂದೆ, ಕೆಳಗೆ, ಎರಡು ಕಿವಿಗಳ ರಂಧ್ರಗಳ ನಡುವೆ. ಅದರ ಸ್ಥಾನವನ್ನು ಅವನು ಚಿತ್ರ ಬರೆದು ಮನಸ್ಸಿನಲ್ಲಿ ಅಚ್ಚೊತ್ತಿಕೊಂಡನು. ಆನೆ ಎದುರಿಗೆ ನಿಂತಿರಲಿ, ಪಕ್ಕಕ್ಕೆ ತಿರುಗಿರಲಿ, ಓಡುತ್ತಿರುವಾಗ ಓರೆಯಾಗಿ ಹಿಂದಿನಿಂದ ಕಾಣುತ್ತಿರಲಿ, ಅವನ ಕಣ್ಣು ಚರ್ಮ ಮೂಳೆಗಳನ್ನು ದಾಟಿ ಆ ಮಿದುಳನ್ನೇ ಕಾಣುತ್ತಿತ್ತು. ಹಿಂದಿನಿಂದ ಓರೆಯಾಗಿ ಹೊಡೆಯುವ ಆ ಈಡಿಗೆ ಇಂದಿಗೂ ಅವನ ಹೆಸರೇ ಇದೆ. ದಾರಿ ನಡೆಯುವಾಗ ಬರಿಯ ಕೋವಿಯನ್ನು ಎತ್ತಿ ಗುರಿ ಹಿಡಿಯುವ ಅಭ್ಯಾಸವನ್ನು ಅವನು ಬಿಡದೆ ಮಾಡುತ್ತಿದ್ದನು.

ಹೀಗೆ ಮಿದುಳಿಗೆ ತಾಗಿದ ಆನೆ ಕೂಗದೆ ನಿಂತಲ್ಲೇ ಕುಸಿಯುತ್ತಿತ್ತು. ಚಿಕ್ಕ ತೋಟೆಯ ಸದ್ದೂ ಚಿಕ್ಕದು. ಆದ್ದರಿಂದ ಹಿಂಡು ಬೆದರುತ್ತಿರಲಿಲ್ಲ. ಮಿದುಳನ್ನು ತಪ್ಪಿದ ದೊಡ್ಡ ಗುಂಡಾದರೋ ಆನೆಯನ್ನು ಕೊಲ್ಲದೆ ಘಾಸಿಮಾಡಿ, ಇಡೀ ಹಿಂಡನ್ನೇ ಓಡಿಸಿಬಿಡುತ್ತಿತ್ತು. ಒದೆಯದ ಕೋವಿಯಿಂದ ನೆಟ್ಟಗೆ ಗುರಿ ಹಿಡಿಯಬಹುದು. ಒದೆಯುವ ಕೋವಿಯನ್ನು ಹಿಡಿದವನ ಕೈ ಕುದುರೆ ಎಳೆಯುವ ಮೊದಲೇ ಅಳುಕುತ್ತದೆ. ಸರಿಯಾದ ಜಾಗಕ್ಕೆ ಬೀಳದ ಗುಂಡು ಎಷ್ಟು ಭಾರವಿದ್ದರೂ ವ್ಯರ್ಥವೆಂಬುದು ಅವನ ಸಿದ್ಧಾಂತದ ತಿರುಳು.

ಇಲ್ಲಿಯವರೆಗಿನದು ನನ್ನ ಬೆರಗು. ಇನ್ನು ಲೆಕ್ಕಕ್ಕೆ ಬರೋಣ. ಕರಮೋಜ, ಅಬಿಸೀನಿಯ, ಸೂಡಾನ್, ಲಾಡೊ, ಕಾಂಗೊ, ಪಶ್ಚಿಮ ಆಫ್ರಿಕಗಳಲ್ಲಿ ಅವನು ಹೊಡೆದ ಆನೆಗಳು 1,011; ಅವುಗಳಲ್ಲಿ ಹೆಣ್ಣಾನೆಗಳು 28, ಮಿಕ್ಕವೆಲ್ಲ ಗಂಡು. ಸುಮಾರು 800 ಬಿದ್ದದ್ದು 7 ಮಿಲಿಮೀಟರ್ ತೋಟೆಗೆ. ಒಂದೇ ಒಂದು ವರ್ಷದಲ್ಲಿ 24 ಜೊತೆ ಬೂಟುಗಳು ಸವೆದವೆಂದು ಅವನು ಲೆಕ್ಕ ಇಟ್ಟಿದ್ದನು. ನಡೆದ ಶ್ರಮ ನಿಜ, ಧೈರ್ಯ ನಿಜ. ಆ ಶ್ರಮವೆಲ್ಲ ದಂತದ ವ್ಯಾಪಾರಕ್ಕಾಗಿ ಎಂಬುದೂ ಅಷ್ಟೇ ನಿಜ. ಆ ದಂತ ಪಿಯಾನೋ ಮನೆಗಳಿಗೆ, ಬಿಲಿಯರ್ಡ್ಸ್ ಚೆಂಡುಗಳಿಗೆ ಹೋಗುತ್ತಿದ್ದ ಕಾಲವದು. ಸಾಯುವ ಪ್ರಾಣಿಗೆ ನೋವಾಗದಂತೆ ಮಾಡಿದ ಅದೇ ಜ್ಞಾನ, ಅದೇ ನಿಶ್ಶಬ್ದ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಉರುಳಿಸುವುದಕ್ಕೂ ದಾರಿ ಮಾಡಿಕೊಟ್ಟಿತು. ನನಗೆ ಕಸಿವಿಸಿಯಾದದ್ದು ಇಲ್ಲಿ.

ಇನ್ನೊಂದು ಕೇಡೂ ಉಂಟು. ಬೆಲ್ಲನ ಕೋವಿಯನ್ನು ಅನುಕರಿಸುವುದು ಸುಲಭ, ಅವನ ಗರಗಸವನ್ನು ಅನುಕರಿಸುವುದು ಕಷ್ಟ. ಅವನು ಕರಮೋಜದ ಬಯಲಿನಲ್ಲಿ, ಕೋವಿಯ ಸದ್ದನ್ನು ಹೆಚ್ಚು ಕೇಳಿರದ ಆನೆಗಳನ್ನು, ಸಮಯ ನೋಡಿ ಹೊಡೆದವನು. ಪೊದೆಯಿಂದ ನುಗ್ಗಿ ಬರುವ ಆನೆಯ ಮುಂದೆ, ನಡುಗುವ ಕೈಯಲ್ಲಿ ಹಾರಿಸಿದ ಚಿಕ್ಕ ಗುಂಡು ಪ್ರಾಣಿಗೂ ಅಪಾಯ, ಹಾರಿಸಿದವನಿಗೂ ಅಪಾಯ. ಆಫ್ರಿಕದ ಹಲವು ದೇಶಗಳು ಇಂಥ ದೊಡ್ಡ ಪ್ರಾಣಿಗಳ ಬೇಟೆಗೆ .375ಕ್ಕಿಂತ ಕಡಮೆಯ ತೋಟೆ ಕೂಡದೆಂದು ನಿಯಮ ಮಾಡಿದ್ದು ಬೆಲ್ಲನನ್ನು ಸುಳ್ಳಾಗಿಸುವುದಕ್ಕಲ್ಲ, ಬೆಲ್ಲನಲ್ಲದವರನ್ನು ತಡೆಯುವುದಕ್ಕೆ.

1914ರಲ್ಲಿ ಮಹಾಯುದ್ಧ ತೊಡಗಿದಾಗ ಬೆಲ್ ವಿಮಾನ ಹಾರಿಸಲು ಕಲಿತು, ಪೂರ್ವ ಆಫ್ರಿಕದಲ್ಲಿಯೂ ಬಾಲ್ಕನ್ ರಂಗದಲ್ಲಿಯೂ ಹೋರಾಡಿ ಮಿಲಿಟರಿ ಕ್ರಾಸ್ ಪದಕವನ್ನು ಪಡೆದನು. ಯುದ್ಧಾನಂತರ ಮತ್ತೆ ಕೆಲವು ಕಾಲ ಆಫ್ರಿಕದಲ್ಲಿ ತಿರುಗಿದನು. 1923ರಲ್ಲಿ ತನ್ನ ಅಲೆದಾಟದ ಪುಸ್ತಕವನ್ನು ತಾನೇ ಬರೆದ ಚಿತ್ರಗಳೊಡನೆ ಪ್ರಕಟಿಸಿದನು. ಆಮೇಲೆ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ ಹೆಂಡತಿಯೊಡನೆ ನೆಲಸಿ, ಹಾಯಿದೋಣಿಯ ಪಂದ್ಯಗಳಲ್ಲಿ ಸುಖ ಕಂಡನು. ಎಷ್ಟೋ ಬೇಟೆಗಾರರು ಆನೆಯ ಕಾಲಡಿಯಲ್ಲಿ ಮಡಿದರು. ಬೆಲ್ 1954ರಲ್ಲಿ ತನ್ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡನು.

ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1977ರಲ್ಲಿ ಆನೆ ಅದರ ಮೊದಲನೆಯ ಅನುಸೂಚಿಯ ರಕ್ಷಣೆ ಪಡೆಯಿತು. ಅದೇ 1977ರಲ್ಲಿ ಕೆನ್ಯ ದೇಶ ಬೇಟೆಯನ್ನೇ ನಿಷೇಧಿಸಿತು. ಯಾವ ಆನೆಗೆ ಯಾವ ತೋಟೆ ಎಂಬ ಪ್ರಶ್ನೆ ನಮಗೆ ಇಂದು ಬೇಕಾಗಿಲ್ಲ, ಬೇಕಾಗಲೂ ಬಾರದು. ಹಾಗಾದರೆ ಈ ಬದುಕನ್ನು ಓದುವುದೇಕೆ?

ನನಗೆ ತೋರುವುದು ಇಷ್ಟು. ಇತರರು ತಿಳಿಯದಿರುವುದನ್ನು ತೂಕದಿಂದ ತುಂಬಿಕೊಳ್ಳುತ್ತಿದ್ದಾಗ ಬೆಲ್ಲನು ತಿಳಿದುಕೊಂಡು ತೂಕವನ್ನು ಇಳಿಸಿದನು. ಆ ಗರಗಸದ ಮುಂದೆ ನಾನು ಈಗಲೂ ತಲೆಬಾಗುತ್ತೇನೆ. ಆದರೆ ಎಲ್ಲಿ ಹೊಡೆಯಬೇಕೆಂಬುದನ್ನು ಅಷ್ಟು ಚೆನ್ನಾಗಿ ಬಲ್ಲವನು, ಎಲ್ಲಿ ನಿಲ್ಲಿಸಬೇಕೆಂಬುದನ್ನು 1,011ರವರೆಗೆ ಕೇಳಿಕೊಳ್ಳಲಿಲ್ಲ. ಮೊದಲನೆಯದನ್ನು ಅವನಿಂದ ಕಲಿಯೋಣ. ಎರಡನೆಯದನ್ನು ಅವನ ಲೆಕ್ಕದ ಪುಸ್ತಕದಿಂದ ಕಲಿಯೋಣ.