ಗಿರವಿ ಅಂಗಡಿಯ ಹುಡುಗ

ಎಂ.ಎ. ಪರೀಕ್ಷೆಯ ಶುಲ್ಕಕ್ಕೆಂದು ನನ್ನ ತಾಯಿ ಕಿವಿಯ ಓಲೆಗಳನ್ನು ಒತ್ತೆಯಿಟ್ಟ ದಿನವನ್ನು ನಾನಿನ್ನೂ ಮರೆತಿಲ್ಲ. ಗಿರವಿ ಅಂಗಡಿಯ ಮೇಜಿನ ಆಚೆಗೆ ನನಗಿಂತ ಚಿಕ್ಕವನೊಬ್ಬ ಕುಳಿತಿದ್ದ. ಓಲೆಗಳನ್ನು ತಕ್ಕಡಿಗೆ ಹಾಕಿ, ಚೀಟಿ ಬರೆದು, ಹಣ ಎಣಿಸಿ ಕೊಡುವವರೆಗೂ ಆತ ಒಮ್ಮೆಯೂ ತಲೆಯೆತ್ತಿ ನಮ್ಮ ಮುಖ ನೋಡಲಿಲ್ಲ. ಅದನ್ನು ಅಂದು ನಾನು ಗರ್ವವೆಂದೇ ಬಗೆದೆ. ಅದು ಗರ್ವವಲ್ಲದೆ ಬೇರೆಯೇನೋ ಆಗಿದ್ದಿರಬಹುದೆಂಬ ಯೋಚನೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ವಿಲಿಯಂ ಬೂತ್‌ನ ಜೀವನಚರಿತ್ರೆಯನ್ನು ಓದಿದಾಗ.

ಸಾಲ್ವೇಷನ್ ಆರ್ಮಿ, ಎಂದರೆ ಮುಕ್ತಿಸೇನೆ, ಎಂಬ ಕ್ರೈಸ್ತ ಸೇವಾಸಂಸ್ಥೆಯನ್ನು ಕಟ್ಟಿದವನೆಂದು ಬೂತ್‌ನನ್ನು ಲೋಕ ಬಲ್ಲದು. ಆತ ಹುಟ್ಟಿದ್ದು 1829ರ ಏಪ್ರಿಲ್ 10ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ. ತಂದೆ ವ್ಯವಹಾರದಲ್ಲಿ ಕೈಸುಟ್ಟುಕೊಂಡು ಕೆಳಗಿಳಿದ ಮೇಲೆ, ಹದಿಮೂರು ವರ್ಷದ ಹುಡುಗನನ್ನು 1842ರಲ್ಲಿ ಗಿರವಿ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿಸಿದರು. ಸ್ವಲ್ಪ ಕಾಲದಲ್ಲೇ ತಂದೆ ತೀರಿಕೊಂಡ. ಕಾಲುಚೀಲ ಹೆಣೆಯುವ, ಕಸೂತಿಪಟ್ಟಿ ನೇಯುವ ಕೂಲಿಕಾರರ ಊರದು. ಇಂಗ್ಲೆಂಡಿನ ಬಡವರು ಹಸಿವಿನಿಂದ ಕಂಗೆಟ್ಟಿದ್ದ ದಶಕವದು. ಅಂದಿನ ಬಡಮನೆಗಳಲ್ಲಿ, ಭಾನುವಾರ ಇಗರ್ಜಿಗೆ ತೊಟ್ಟ ಬಟ್ಟೆ ಸೋಮವಾರ ಗಿರವಿಗೆ ಹೋಗುವುದು, ಶನಿವಾರ ಕೂಲಿ ಕೈಗೆ ಬಂದೊಡನೆ ಅದನ್ನು ಬಿಡಿಸಿಕೊಳ್ಳುವುದು ವಾಡಿಕೆಯೇ ಆಗಿತ್ತು. ಬಡತನವನ್ನು ಉಳಿದ ಬೋಧಕರು ಬೀದಿಯಲ್ಲಿ ಕಂಡರೆ, ಬೂತ್ ಅದನ್ನು ಗಿರವಿ ಅಂಗಡಿಯ ಮೇಜಿನ ಮೇಲೆ ಕೈಯಾರೆ ಮಡಿಸಿ ಕಟ್ಟಿಟ್ಟಿದ್ದ. ಹದಿಹರೆಯದಲ್ಲೇ ಮೆಥಡಿಸ್ಟ್ ಪಂಥದ ಭಕ್ತನಾದರೂ, 1849ರಲ್ಲಿ ಲಂಡನ್ನಿಗೆ ಬಂದಾಗ ಹೊಟ್ಟೆಪಾಡಿಗಾಗಿ ಮತ್ತೆ ಅದೇ ಕಸುಬಿಗೆ ಮರಳಬೇಕಾಯಿತು. ತಾನು ಒಲ್ಲದ ಕಸುಬಿನಿಂದಲೇ ಅನ್ನ ಉಣ್ಣಬೇಕಾದವನ ಸಂಕಟ ಆ ಬಾಳಿನ ಕೊನೆಯವರೆಗೂ ಬಂದಿತೆಂದು ನನಗೆ ತೋರುತ್ತದೆ.

1855ರಲ್ಲಿ ಆತ ಕ್ಯಾಥರೀನ್ ಮಮ್‌ಫರ್ಡ್‌ಳನ್ನು ವರಿಸಿದ. ವಿದ್ಯೆಯಲ್ಲಿಯೂ ವಾಗ್ಮಿತೆಯಲ್ಲಿಯೂ ಆಕೆ ಗಂಡನಿಗೆ ಕಡಿಮೆಯಾದವಳಲ್ಲ. ಒಂದೇ ಊರಿಗೆ ಕಟ್ಟುಬಿದ್ದ ಧರ್ಮಬೋಧಕನ ಹುದ್ದೆ ಒಗ್ಗದೆ 1861ರಲ್ಲಿ ಅದನ್ನು ತೊರೆದು, 1865ರಲ್ಲಿ ದಂಪತಿಗಳು ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯಲ್ಲಿ ತಮ್ಮ ಕಾರ್ಯವನ್ನಾರಂಭಿಸಿದರು.

1868ರ ಕ್ರಿಸ್‌ಮಸ್ ದಿನದ ಸಂಗತಿಯೊಂದನ್ನು ಆ ಮನೆಯವರು ಮುಂದೆ ನೆನೆದು ಹೇಳುತ್ತಿದ್ದರು. ಮನೆಯಲ್ಲಿ ಎಂಟು ಮಕ್ಕಳು. ಅವರಲ್ಲಿ ಈವಾ ಎಂಬಾಕೆ ಹುಟ್ಟಿದ್ದು 1865ರ ಕ್ರಿಸ್‌ಮಸ್ ದಿನವೇ. ಆಕೆಗೆ ಅಂದು ಮೂರು ತುಂಬಿತ್ತು. ವೈಟ್‌ಚಾಪೆಲ್‌ನಲ್ಲಿ ಬೆಳಗಿನ ಉಪದೇಶ ಮುಗಿಸಿ ಬಂದ ತಂದೆ ಮಕ್ಕಳೊಡನೆ ನಗಲು ಯತ್ನಿಸಿದ, ನಗೆ ಬರಲಿಲ್ಲ. ಬೋನಿನಲ್ಲಿ ಸಿಕ್ಕ ಪ್ರಾಣಿಯಂತೆ ಕೋಣೆಯಲ್ಲಿ ಹಿಂದುಮುಂದಾಗಿ ತಿರುಗಾಡಿದ. ದಾರಿಯಲ್ಲಿ ಆತ ಕಂಡುಬಂದ ಗಂಡಸರಿಗೂ ಹೆಂಗಸರಿಗೂ ಹಬ್ಬವೆಂದರೆ ಹೆಂಡದಂಗಡಿಯೊಂದೇ. ಇಂಥ ಹಬ್ಬವನ್ನು ತಾನಿನ್ನು ಆಚರಿಸುವುದಿಲ್ಲವೆಂದು ಆತ ಅಂದೇ ನಿಶ್ಚಯಿಸಿದ.

ಮರುವರ್ಷ ಆ ಮನೆಯ ಹಬ್ಬ ಮನೆಯಲ್ಲಿ ನಡೆಯಲಿಲ್ಲ. ಹಿಟ್ಟು, ಒಣದ್ರಾಕ್ಷಿ, ಸಕ್ಕರೆ, ಕೊಬ್ಬುಗಳನ್ನು ಕಲಸಿ ಬಟ್ಟೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಬೇಯಿಸುವ ಪುಡ್ಡಿಂಗ್ ಎಂಬ ಭಕ್ಷ್ಯ ಆ ನಾಡಿನವರಿಗೆ, ಯುಗಾದಿಯಂದು ನಮಗೆ ಹೋಳಿಗೆಯಿದ್ದಂತೆ. ಕ್ಯಾಥರೀನಳ ಅಡುಗೆಮನೆಯಲ್ಲಿ ಬೆಂದ ಆ ಭಕ್ಷ್ಯ ವೈಟ್‌ಚಾಪೆಲ್‌ನ ಬಡಸಂಸಾರಗಳಿಗೆ ಹಂಚಿಕೆಯಾಯಿತು.

ಒಂದು ದಿನದ ಸಿಹಿಯಿಂದ ವರ್ಷದ ಹಸಿವು ಹೋದೀತೆ? ಈ ಪ್ರಶ್ನೆಯನ್ನು ನಾವು ಕೇಳುವ ಮೊದಲೇ ಬೂತ್ ಕೇಳಿಕೊಂಡಿದ್ದ. ಅಗ್ಗದ ಊಟದ ಅಂಗಡಿಗಳನ್ನು ತೆರೆದ. ಕೆಲವೇ ವರ್ಷಗಳಲ್ಲಿ ಅವನ್ನು ಕೈಬಿಡಬೇಕಾಯಿತು. 1878ರಲ್ಲಿ ಆತನ ಸಂಘ ಮುಕ್ತಿಸೇನೆಯೆಂಬ ಹೆಸರು ತಳೆಯಿತು. 1890ರ ಅಕ್ಟೋಬರಿನಲ್ಲಿ ಕ್ಯಾಥರೀನ್ ಅರ್ಬುದರೋಗದಿಂದ ತೀರಿಕೊಂಡಳು. ಅದೇ ತಿಂಗಳು ಇಂಗ್ಲೆಂಡಿನ ಬಡತನವನ್ನು ಕುರಿತ ಆತನ ಗ್ರಂಥ ಹೊರಬಿದ್ದಿತು. ಅದರಲ್ಲೊಂದು ದೃಷ್ಟಾಂತವಿದೆ. ಲಂಡನ್ನಿನ ಬಾಡಿಗೆ ಗಾಡಿಯ ಕುದುರೆ ಬಿದ್ದರೆ, ತಪ್ಪು ಯಾರದೆಂದು ವಿಚಾರಿಸದೆ ಮೊದಲು ಅದನ್ನು ಎಬ್ಬಿಸುತ್ತಾರೆ. ಬದುಕಿರುವಷ್ಟು ಕಾಲ ಅದಕ್ಕೆ ಮೇವು, ನೆರಳು, ದುಡಿಮೆ ಉಂಟು. ಮನುಷ್ಯನಿಗೂ ಅಷ್ಟಾದರೂ ದೊರೆಯಲಿ ಎಂಬುದೇ ಆತನ ವಾದ. ಮಾತಿಗೆ ನಿಲ್ಲದೆ 1891ರಲ್ಲಿ ಬೆಂಕಿಕಡ್ಡಿಯ ಕಾರ್ಖಾನೆಯೊಂದನ್ನು ತೆರೆದ. ದವಡೆಯ ಎಲುಬನ್ನು ಕೊಳೆಯಿಸುತ್ತಿದ್ದ ಬಿಳಿಯ ರಂಜಕವನ್ನು ಬಿಟ್ಟು ಕೆಂಪು ರಂಜಕವನ್ನು ಬಳಸಿ, ಕೆಲಸದವರಿಗೆ ಹೆಚ್ಚಿನ ಕೂಲಿ ಕೊಡಿಸಿದ. ಕಾರ್ಖಾನೆ ಸುಮಾರು ಹತ್ತು ವರ್ಷ ನಡೆದು ನಿಂತಿತು. ಬಿಳಿಯ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದು 1908ರಲ್ಲಿ.

ಆತ ನಿರ್ದೋಷಿಯೆಂದು ನಾನು ಹೇಳಲಾರೆ. ಸೇನೆಯಲ್ಲಿ ಆತನ ಮಾತೇ ಶಾಸನ. ವಿಜ್ಞಾನಿ ಹಕ್ಸ್‌ಲಿ ಆ ಏಕಾಧಿಪತ್ಯವನ್ನು ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದ. ಮಗ ಬ್ಯಾಲಿಂಗ್‌ಟನ್ 1896ರಲ್ಲಿ ಸೇನೆಯನ್ನೇ ತೊರೆದ. ಬೀದಿಯ ಮಕ್ಕಳಿಗಾಗಿ ಮರುಗಿದ ತಂದೆ ಮನೆಯ ಮಕ್ಕಳೆದುರು ದಳಪತಿಯಾಗಿಯೇ ಉಳಿದನೇನೋ.

ಆದರೂ ಆ ಪುಡ್ಡಿಂಗಿನ ಕಾವು ಆರಲಿಲ್ಲ. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇನೆಯ ಅಧಿಕಾರಿ ಜೋಸೆಫ್ ಮೆಕ್‌ಫೀ, ಬಡವರ ಕ್ರಿಸ್‌ಮಸ್ ಊಟಕ್ಕೆ ಹಣ ಸಾಲದೆ, ದೋಣಿಕಟ್ಟೆಯಲ್ಲಿ ಒಂದು ಹಂಡೆಯನ್ನು ತೂಗಹಾಕಿ ದಾರಿಹೋಕರಿಂದ ಕಾಸು ಕೂಡಿಸಿದ. ಆ ಹಂಡೆ ಊರೂರಿಗೆ ಹಬ್ಬಿತು. ಅಂದು ಮೂರು ತುಂಬಿದ್ದ ಈವಾ 1904ರಿಂದ 1934ರವರೆಗೆ ಅಮೆರಿಕದಲ್ಲಿ ಸೇನೆಯ ನಾಯಕಿಯಾಗಿದ್ದಳು. ನಮ್ಮ ದೇಶಕ್ಕೆ 1882ರಲ್ಲಿ ಸೇನೆಯನ್ನು ತಂದವನು ಫ್ರೆಡರಿಕ್ ಟಕ್ಕರ್. ಸರ್ಕಾರದ ದೊಡ್ಡ ಹುದ್ದೆಯನ್ನು ಬಿಟ್ಟು, ಕಾವಿಯುಟ್ಟು ಮುಂಬಯಿಯ ಬೀದಿಗಿಳಿದ ಆತ ಮುಂದೆ ಬೂತ್‌ನ ಅಳಿಯನೂ ಆದ.

ಕಣ್ಣಿನ ಚಿಕಿತ್ಸೆ ಫಲಿಸದೆ ದೃಷ್ಟಿ ಕಳೆದುಕೊಂಡ ಬೂತ್ 1912ರ ಆಗಸ್ಟ್ 20ರಂದು ತೀರಿಕೊಂಡ. ಲಂಡನ್ನಿನ ಆಬ್ನಿ ಪಾರ್ಕ್ ಸ್ಮಶಾನದಲ್ಲಿ ಮಡದಿಯ ಪಕ್ಕದಲ್ಲಿ ಆತನಿಗೆ ನೆಲೆಯಾಯಿತು.

ಮೊದಲ ಸಂಬಳದಲ್ಲಿ ನಾನು ಓಲೆಗಳನ್ನು ಬಿಡಿಸಿ ತಂದೆ. ಆ ಹುಡುಗ ಆಗ ಅಲ್ಲಿರಲಿಲ್ಲ. ಅವನ ಹೆಸರನ್ನೂ ನಾನು ಕೇಳಿದವನಲ್ಲ. ಅಂದು ಅವನು ತಲೆಯೆತ್ತದಿದ್ದುದು ನನ್ನ ತಾಯಿಯ ಮುಖ ನೋಡಲಾರದೆಯೋ ಏನೋ! ಈಗ ನಾನು ಹಾಗೆ ನಂಬಲು ಬಯಸುತ್ತೇನೆ.