ಆವರಣ ಬಿಡಿಸುವ ಮೇಷ್ಟ್ರು: ಆಗಸ್ಟಸ್ ಡಿ ಮಾರ್ಗನ್

ನೊಣವಿನಕೆರೆಯಲ್ಲಿ ಬೋಧನಾಭ್ಯಾಸದ ನನ್ನ ಮೂರನೇ ಪಾಠ ದ್ವಿತೀಯ ಪಿಯುಸಿ ಮಕ್ಕಳಿಗೆ ಎಸ್‌ಕ್ಯುಎಲ್. ಕರಿಹಲಗೆಯ ಮೇಲೆ ಬೆಳೆಗಾರರ ಕೋಷ್ಟಕ ಒಂದು, ಕೊಬ್ಬರಿ ಮಾರಾಟದ ಕೋಷ್ಟಕ ಇನ್ನೊಂದು. ಬೆಳೆಗಾರರ ಸಂಖ್ಯೆ ಎರಡರಲ್ಲೂ ಇರುವುದರಿಂದ ಅದರ ಮೇಲೆ ಜಾಯಿನ್ ಮಾಡಿದ್ದಾಯಿತು. ತಿಪಟೂರು, ತುರುವೇಕೆರೆ ತಾಲ್ಲೂಕುಗಳನ್ನು ಬಿಟ್ಟು ಉಳಿದವರ ಮಾರಾಟ ಮಾತ್ರ ಬೇಕಿತ್ತು. ವೇರ್ ಭಾಗದಲ್ಲಿ ನಾಟ್ ಹಾಕಿ, ಆವರಣದೊಳಗೆ ಎರಡು ತಾಲ್ಲೂಕುಗಳ ನಡುವೆ ಆರ್ ಬರೆದೆ. ಅಲ್ಲಿಯವರೆಗೆ ಸರಿ. ಸರಳ ಮಾಡಿ ತೋರಿಸುತ್ತೇನೆಂದು ಆವರಣ ತೆಗೆದವಳು, ತಿಪಟೂರು ಅಲ್ಲ, ಆರ್, ತುರುವೇಕೆರೆ ಅಲ್ಲ ಎಂದು ಬರೆದುಬಿಟ್ಟೆ. ತಿಪಟೂರಿನವರು ತುರುವೇಕೆರೆಯವರಲ್ಲವಲ್ಲ ಮಿಸ್, ಹಾಗಾದರೆ ಎಲ್ಲರೂ ಬಂದುಬಿಡುತ್ತಾರಲ್ಲ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಪಾಠ ವೀಕ್ಷಿಸುತ್ತಿದ್ದವರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

ನಾನು ಮುರಿದ ನಿಯಮಕ್ಕೆ ಡಿ ಮಾರ್ಗನ್ ಹೆಸರಿದೆ. ಪದವಿಯಲ್ಲಿ ಬಾಯಿಪಾಠ ಮಾಡಿದ್ದೆ, ಮನುಷ್ಯ ಯಾರೆಂದು ಆ ರಾತ್ರಿಯೇ ಓದಿದ್ದು.

ಹುಟ್ಟಿದ್ದು ನಮ್ಮ ಪಕ್ಕದ ಮಧುರೈಯಲ್ಲಿ, 1806ರ ಜೂನ್ 27ರಂದು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಹಸುಗೂಸಾಗಿದ್ದಾಗಲೇ ಒಂದು ಕಣ್ಣು ಹೋಯಿತು, ಏಳು ತಿಂಗಳಿಗೆ ಇಂಗ್ಲೆಂಡಿಗೆ ಕರೆದೊಯ್ದರು. ಕೇಂಬ್ರಿಜ್‌ನಲ್ಲಿ 1827ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೆಯವನಾದ. ಎಂಎ ಪದವಿ ಬೇಕಾದರೆ ಚರ್ಚಿನ ನಂಬಿಕೆಗಳಿಗೆ ಸಹಿ ಹಾಕಬೇಕಿತ್ತು, ಅವನು ಹಾಕಲಿಲ್ಲ. ಆ ಬಾಗಿಲು ಅಲ್ಲಿಗೇ ಮುಚ್ಚಿತು. ಇಂಥ ಪರೀಕ್ಷೆ ಇಲ್ಲದ ಹೊಸ ಲಂಡನ್ ವಿಶ್ವವಿದ್ಯಾಲಯ 1828ರಲ್ಲಿ ಅವನನ್ನು ಗಣಿತದ ಮೊದಲ ಪ್ರಾಧ್ಯಾಪಕನನ್ನಾಗಿ ಮಾಡಿಕೊಂಡಿತು. ಆಗ ವಯಸ್ಸು ಇಪ್ಪತ್ತೊಂದು, ನನಗಿಂತ ಚಿಕ್ಕವನು!

ಸಹೋದ್ಯೋಗಿಯೊಬ್ಬರನ್ನು ತೆಗೆದುಹಾಕಿದ ರೀತಿ ಒಪ್ಪದೆ 1831ರಲ್ಲಿ ರಾಜೀನಾಮೆ ಕೊಟ್ಟ. 1836ರಲ್ಲಿ ಮರಳಿ ಬಂದು ಮೂವತ್ತು ವರ್ಷ ಪಾಠ ಮಾಡಿದ. ಪಾಠದ ಕೊನೆಗೆ ಲೆಕ್ಕ ಕೊಡುವುದು, ಮಕ್ಕಳು ಮಾಡಿ ತಂದದ್ದನ್ನು ತಾನೇ ನೋಡಿ ಹಿಂದಿರುಗಿಸುವುದು ಅವನ ಪದ್ಧತಿ. ಪರೀಕ್ಷೆಗಾಗಿ ಉರು ಹೊಡೆಯುವುದೆಂದರೆ ಆಗದು. ಏಡಾ ಲವ್‌ಲೇಸ್‌ಗೆ ಗಣಿತ ಹೇಳಿಕೊಟ್ಟದ್ದು ಪತ್ರಗಳ ಮೂಲಕ. ದೆಹಲಿಯ ಗಣಿತ ಶಿಕ್ಷಕ ರಾಮಚಂದ್ರರ ಪುಸ್ತಕ ಕಂಡು ಮೆಚ್ಚಿ, 1859ರಲ್ಲಿ ತನ್ನ ಮುನ್ನುಡಿಯೊಂದಿಗೆ ಲಂಡನ್ನಿನಲ್ಲಿ ಮತ್ತೆ ಅಚ್ಚಾಗುವಂತೆ ನೋಡಿಕೊಂಡ. ದೂರದ ಒಬ್ಬ ಮೇಷ್ಟ್ರ ಕೆಲಸಕ್ಕೆ ಇಷ್ಟು ಮಾಡಿದವರು ಆ ಕಾಲದಲ್ಲಿ ಎಷ್ಟು ಜನ ಸಿಕ್ಕಾರು?

ಆ ನಿಯಮವನ್ನು ಮಧ್ಯಯುಗದ ತರ್ಕಶಾಸ್ತ್ರಿಗಳೂ ಮಾತಿನಲ್ಲಿ ಬಲ್ಲವರೇ. ನನಗೆ ಹೆಚ್ಚು ಹಿಡಿಸಿದ್ದು 1860ರ ಅವನ ಲೇಖನ. ಕುದುರೆ ಪ್ರಾಣಿಯಾದ್ದರಿಂದ ಕುದುರೆಯ ತಲೆ ಪ್ರಾಣಿಯ ತಲೆ ಎಂಬ ಸುಲಭದ ಮಾತನ್ನೂ ಅರಿಸ್ಟಾಟಲನ ಹಳೆಯ ತರ್ಕ ಸಾಧಿಸಲಾರದು ಎಂದು ಅವನು ಮೊದಲೇ ಕಂಡಿದ್ದ. ಇದು ಇಂಥದ್ದು ಎಂದರೆ ಸಾಲದು, ಇದು ಅದಕ್ಕೆ ಏನಾಗಬೇಕು ಎಂಬುದಕ್ಕೂ ತರ್ಕ ಬೇಕು. ಆ ಲೇಖನದಲ್ಲಿ ಸಂಬಂಧಗಳನ್ನೇ ಲೆಕ್ಕಕ್ಕೆ ತಂದ, ಒಂದು ಸಂಬಂಧಕ್ಕೆ ಇನ್ನೊಂದನ್ನು ಪೋಣಿಸಿದ. ಸಂಬಂಧಗಳ ಗಣಿತ ಮುಂದೆ ಹಲವರ ಕೈಯಲ್ಲಿ ಬೆಳೆಯಿತು, 1970ರಲ್ಲಿ ಐಬಿಎಂನ ಕಾಡ್ ಅದನ್ನು ದತ್ತಸಂಚಯಕ್ಕೆ ಹೊಂದಿಸಿದರು. ನಮ್ಮ ಜಾಯಿನ್ ಅದೇ ಜಾತಿಯದು.

ಧರ್ಮದ ಕಾರಣಕ್ಕೆ ಒಬ್ಬರಿಗೆ ಹುದ್ದೆ ತಪ್ಪಿಸಿದರೆಂದು 1866ರಲ್ಲಿ ಎರಡನೇ ಸಲ ಕೆಲಸ ಬಿಟ್ಟ. ಮರುವರ್ಷ ಮಗ ಜಾರ್ಜ್ ತೀರಿಕೊಂಡ. 1871ರ ಮಾರ್ಚ್ 18ರಂದು ತಾನೂ ಹೋದ.

ಮುಂದಿನ ಪಾಠಕ್ಕೆ ನನ್ನ ತಪ್ಪು ಸಾಲನ್ನೇ ಮತ್ತೆ ಬರೆದೆ. ಡಿ ಮಾರ್ಗನ್ ತನ್ನ ವಯಸ್ಸಿನ ವರ್ಗದ ಇಸವಿಯಲ್ಲಿ ಬದುಕಿದ್ದನಂತೆ, ಯಾವುದು ಹೇಳಿ ಎಂದು ಮೊದಲು ಕೇಳಿದೆ. 43, 1849 ಬಂತು. ಆಮೇಲೆ ಮಕ್ಕಳೇ ಮೂವರು ಬೆಳೆಗಾರರನ್ನಿಟ್ಟು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಆರ್ ಇದ್ದಾಗ ಮೂವರೂ ಉಳಿದರು. ಆಂಡ್ ಹಾಕಿದಾಗ ಚಿಕ್ಕನಾಯಕನಹಳ್ಳಿಯವರೊಬ್ಬರೇ. ಪ್ರಶ್ನೆ ಕೇಳಿದ್ದ ಹುಡುಗಿ ನಾಲ್ಕನೆಯ ಸಾಲು ಸೇರಿಸಿ ತಾಲ್ಲೂಕಿನ ಜಾಗ ಖಾಲಿ ಬಿಟ್ಟಳು. ಆವರಣ ಇಟ್ಟರೂ ತೆಗೆದರೂ ಆ ಬೆಳೆಗಾರ ಪಟ್ಟಿಗೆ ಬರುವುದಿಲ್ಲ, ಯಾಕೆಂದರೆ ಖಾಲಿಯೊಂದಿಗೆ ಹೋಲಿಸಿದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಈ ಸಲ ನನಗೆ ಉತ್ತರ ಗೊತ್ತಿತ್ತು. ಆದರೆ ಹೇಳಲಿಲ್ಲ, ಯೋಚಿಸಿಕೊಂಡು ಬನ್ನಿ ಎಂದೆ. ಗಂಟೆ ಹೊಡೆಯಿತು.